ಅನ್ನದಲ್ಲಿ ಪ್ರೋಟೀನ್ ಎಷ್ಟು, ಎಂಥದ್ದು? ಗಂಜಿ, ಕಡಂಬುಟ್ಟು ಉಣ್ಣುವವರ ಚರ್ಚೆ

ಕಕ್ಕಬ್ಬೆ ಸೊಸೆ

ಎಲ್ಲರಿಗೂ ನಮಸ್ಕಾರ. ತಿಳಿದವರು ದಯವಿಟ್ಟು ಉತ್ತರಿಸಿ. ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಹಲ್ಲು ಬಿದ್ದ ಮೇಲೆ ಮೂರು ಹೊತ್ತೂ ಗಂಜಿ, ಜೊತೆಗೆ ಮಾವಿನ ಉಪ್ಪಿನಕಾಯಿ. ಇತ್ತೀಚೆಗೆ ಕೈಕಾಲು ಬಹಳ ಸಣಕಲಾಗಿವೆ, ನೆಲದಿಂದ ಏಳಲು ಯಾರಾದರೂ ಕೈ ಕೊಡಬೇಕು. ಬೆಂಗಳೂರಿನಲ್ಲಿ ಓದುವ ಮಗಳು ರಜೆಗೆ ಬಂದವಳು ಇದನ್ನು ನೋಡಿ, ಅಕ್ಕಿಯಲ್ಲಿ ಪ್ರೋಟೀನೇ ಇಲ್ಲ, ಅನ್ನ ಗಂಜಿ ಎಲ್ಲ ನಿಲ್ಲಿಸಿ ಕಿನೋವಾ ಎಂಬ ಧಾನ್ಯ ಕೊಡಿ ಎಂದು ಹಟ ಹಿಡಿದಿದ್ದಾಳೆ. ನಮ್ಮದು ಗದ್ದೆ ಇರುವ ಮನೆ. ಪುತ್ತರಿ ಹಬ್ಬಕ್ಕೆ ಕದಿರು ತೆಗೆದು ಮನೆ ತುಂಬಿಸಿಕೊಳ್ಳುವವರು ನಾವು. ಅಕ್ಕಿ ಬಿಡಿ ಎಂದರೆ ಅತ್ತೆ ಊಟವನ್ನೇ ಬಿಡುತ್ತಾರೆ. ನಿಜವಾಗಿ ಅಕ್ಕಿಯಲ್ಲಿ ಎಷ್ಟು ಪ್ರೋಟೀನ್ ಇದೆ? ಅದು ದೇಹಕ್ಕೆ ಹತ್ತುತ್ತದೆಯೇ?

ಗೋಣಿಕೊಪ್ಪದ ಹುಡುಗ

ಅಕ್ಕ, ನಿಮ್ಮ ಮಗಳು ಹೇಳಿದ್ದರಲ್ಲಿ ಅರ್ಥವಿದೆ. ನೂರು ಗ್ರಾಂ ಅನ್ನದಲ್ಲಿ ಮೂರು ಗ್ರಾಂ ಪ್ರೋಟೀನೂ ಸಿಗುವುದಿಲ್ಲ. ನಾನು ಜಿಮ್‌ಗೆ ಸೇರಿದ ಮೇಲೆ ರಾತ್ರಿ ಅನ್ನ ಬಿಟ್ಟು ಚಪಾತಿಗೆ ಬಂದಿದ್ದೇನೆ. ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ. ರಾಗಿಯಲ್ಲೂ ಜಾಸ್ತಿ ಎನ್ನುತ್ತಾರೆ.

ಧಾನ್ಯ ರಸಾಯನ

ನಾನು ಧಾನ್ಯಗಳ ರಸಾಯನಶಾಸ್ತ್ರದಲ್ಲೇ ಕೆಲಸ ಮಾಡಿ ನಿವೃತ್ತನಾದವನು, ಈಗ ಮಡಿಕೇರಿಯಲ್ಲಿದ್ದೇನೆ. ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಪ್ರಮಾಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪಟ್ಟಿಯ ಪ್ರಕಾರ, 100 ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ 7.9 ಗ್ರಾಂ ಪ್ರೋಟೀನ್ ಇದೆ. ತೌಡು ತೆಗೆಯದ ಅಕ್ಕಿಯಲ್ಲಿ 9.2, ಗೋಧಿ ಹಿಟ್ಟಿನಲ್ಲಿ 10.6. ರಾಗಿಯಲ್ಲಿ 7.2 ಮಾತ್ರ. ಪ್ರೋಟೀನಿನ ಲೆಕ್ಕದಲ್ಲಿ ರಾಗಿ ಅಕ್ಕಿಗಿಂತ ಮೇಲಲ್ಲ, ಅದರ ದೊಡ್ಡಸ್ತಿಕೆ ಇರುವುದು ಸುಣ್ಣದ ಅಂಶದಲ್ಲಿ, ನಾರಿನಲ್ಲಿ. ಅನ್ನದ ಪ್ರೋಟೀನ್ ಕಡಿಮೆ ಕಾಣುವುದಕ್ಕೆ ಒಂದು ಕಾರಣ ನೀರು. ನೂರು ಗ್ರಾಂ ಅಕ್ಕಿ ಬೆಂದು ಮುನ್ನೂರು ಗ್ರಾಂ ಹತ್ತಿರ ಅನ್ನವಾಗುತ್ತದೆ. ಬೆಂದ ಅನ್ನವನ್ನು ಒಣ ಗೋಧಿ ಹಿಟ್ಟಿನ ಪಕ್ಕದಲ್ಲಿಟ್ಟು ಅಂಕಿ ಹೋಲಿಸುವುದು ನ್ಯಾಯವಲ್ಲ.

ಇನ್ನು ಗುಣ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಣಿ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು: ಹಿಸ್ಟಿಡಿನ್, ಐಸೊಲ್ಯೂಸಿನ್, ಲ್ಯೂಸಿನ್, ಲೈಸಿನ್, ಮೆಥಿಯೋನಿನ್, ಫೀನೈಲ್ ಅಲನಿನ್, ಥ್ರಿಯೋನಿನ್, ಟ್ರಿಪ್ಟೊಫಾನ್, ವ್ಯಾಲಿನ್. ಅಕ್ಕಿಯಲ್ಲಿ ಒಂಬತ್ತೂ ಇವೆ. ಎಂಟು ಹೆಚ್ಚುಕಡಿಮೆ ಸಾಕಾಗುವಷ್ಟಿವೆ, ಥ್ರಿಯೋನಿನ್ ಮಾತ್ರ ಅಂಚಿನಲ್ಲಿದೆ. ನಿಜವಾಗಿ ಕೊರತೆಯಿರುವುದು ಲೈಸಿನ್‌ಗೆ. ಗದ್ದೆಯಲ್ಲಿ ನಾಟಿಗೆ ಹತ್ತು ಹೆಂಗಸರು ನಿಂತಿದ್ದು, ಸಸಿಯ ಕಟ್ಟು ಹೊತ್ತು ತಂದುಕೊಡುವವನು ಒಬ್ಬನೇ ಆದರೆ ನಾಟಿ ಅವನ ಕಾಲಿನ ವೇಗದಲ್ಲೇ ಸಾಗುತ್ತದೆ. ದೇಹ ಮಾಂಸಖಂಡ ಕಟ್ಟುವುದೂ ಹೀಗೆಯೇ. ಲೈಸಿನ್ ಮುಗಿದ ಕಡೆ ಕೆಲಸ ನಿಲ್ಲುತ್ತದೆ, ಉಳಿದ ಅಮೈನೋ ಆಮ್ಲಗಳು ಉರಿದು ಶಾಖವಾಗಿ ಹೋಗುತ್ತವೆ.

ಇದನ್ನು ಮೊದಲು ತೋರಿಸಿದ್ದು ಅಮೆರಿಕದ ಆಸ್ಬೋರ್ನ್ ಮತ್ತು ಮೆಂಡಲ್. 1914ರಲ್ಲಿ ಅವರು ಇಲಿಗಳಿಗೆ ಪ್ರೋಟೀನಾಗಿ ಗೋಧಿಯ ಗ್ಲಿಯಾಡಿನ್ ಒಂದನ್ನೇ ಕೊಟ್ಟರು. ಇಲಿಗಳು ಬದುಕಿದವು, ಆದರೆ ಬೆಳೆಯಲಿಲ್ಲ. ಅದಕ್ಕೆ ಲೈಸಿನ್ ಬೆರೆಸಿದ ಕೂಡಲೇ ಬೆಳೆಯತೊಡಗಿದವು.

ಈಗ ಗೋಣಿಕೊಪ್ಪದ ತಮ್ಮನಿಗೆ. ಒಂದು ಗ್ರಾಂ ಅಕ್ಕಿ ಪ್ರೋಟೀನಿನಲ್ಲಿ 35ರಿಂದ 38 ಮಿಲಿಗ್ರಾಂ ಲೈಸಿನ್ ಇರುತ್ತದೆ. ಗೋಧಿಯಲ್ಲಿ 27ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2007ರ ವರದಿಯಲ್ಲಿ ಇಟ್ಟ ಅಳತೆ ದೊಡ್ಡವರಿಗೆ 45, ಮೂರರಿಂದ ಹತ್ತು ವರ್ಷದ ಮಕ್ಕಳಿಗೆ 48. ಅಂದರೆ ಗೋಧಿ ಹಿಂದೆ ಬಿದ್ದಷ್ಟು ಅಕ್ಕಿ ಬಿದ್ದಿಲ್ಲ. ಕಾರಣ ಕಾಳಿನ ಒಳಗೇ ಇದೆ. ಗೋಧಿ, ಮೆಕ್ಕೆಜೋಳಗಳು ಪ್ರೋಟೀನನ್ನು ಬಹುಪಾಲು ಪ್ರೋಲಮಿನ್ ಎಂಬ ವರ್ಗದಲ್ಲಿ ಕೂಡಿಡುತ್ತವೆ, ಅದರಲ್ಲಿ ಲೈಸಿನ್ ತೀರಾ ಕಡಿಮೆ. ಅಕ್ಕಿ ಮುಕ್ಕಾಲು ಪಾಲಿನಷ್ಟನ್ನು ಗ್ಲುಟೆಲಿನ್ ಎಂಬ ಬೇರೆ ವರ್ಗದಲ್ಲಿ ಕೂಡಿಡುತ್ತದೆ, ಅದರಲ್ಲಿ ಲೈಸಿನ್ ಉತ್ತಮ. ಜೀರ್ಣವಾಗುವ ಪಾಲನ್ನೂ ಸೇರಿಸಿ, ಎಳೆಯ ಮಕ್ಕಳ ಅಗತ್ಯದ ಎದುರು ಅಂಕ ಹಾಕಿದರೆ ಅನ್ನಕ್ಕೆ ಒಂದಕ್ಕೆ 0.6ರಷ್ಟು, ಗೋಧಿಗೆ 0.4ರಿಂದ 0.5. ಹಾಲು, ಮೊಟ್ಟೆ ಒಂದನ್ನು ಮುಟ್ಟುತ್ತವೆ.

ಆದ್ದರಿಂದ ಅಕ್ಕಿಯನ್ನು ದೂರುವುದರಲ್ಲಿ ಹುರುಳಿಲ್ಲ. ನೋಡಬೇಕಾದದ್ದು ಅನ್ನದ ಪಕ್ಕದಲ್ಲಿ ಏನು ಬಿದ್ದಿದೆ ಎಂಬುದನ್ನು. ತಂಗಿ, ನಿಮ್ಮ ಅತ್ತೆಯ ಬಟ್ಟಲಿನಲ್ಲಿ ಪಕ್ಕಕ್ಕೆ ಇರುವುದು ಉಪ್ಪಿನಕಾಯಿ. ತೊಂದರೆ ಅಲ್ಲಿದೆ.

ನಾಪೋಕ್ಲು ಗದ್ದೆ

ಸರ್, ಈ ಮಾತು ಕೇಳಿ ಮನಸ್ಸಿಗೆ ಸಮಾಧಾನವಾಯಿತು. ನಮ್ಮ ಹಿರಿಯರು ಅನ್ನ ಉಂಡೇ ಗದ್ದೆ ಉತ್ತರು, ಬೆಟ್ಟ ಹತ್ತಿದರು. ಆದರೆ ಅವರು ಬರೀ ಅನ್ನ ಉಣ್ಣಲಿಲ್ಲ ಎಂಬುದನ್ನೂ ಹೇಳಬೇಕು. ನಾನು ಚಿಕ್ಕವನಿದ್ದಾಗ ಮಳೆಗಾಲ ಹಿಡಿಯಿತು ಎಂದರೆ ಗದ್ದೆಯ ಏಡಿ, ತೋಡಿನ ಸಣ್ಣ ಮೀನು, ಕಾಡಿನ ಅಣಬೆ, ಬಿದಿರ ಕಣಿಲೆ. ಮನೆಯ ಹಿಂದೆ ಹಂದಿಗೂಡು. ಭತ್ತ ಕುಟ್ಟಿದ ತೌಡು ಹಂದಿಗೆ ಹೋಗುತ್ತಿತ್ತು, ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಅದೇ ಪಂದಿಕರಿಯಾಗಿ, ಹಬೆಯಲ್ಲಿ ಬೆಂದ ಅಕ್ಕಿ ಉಂಡೆ ಕಡಂಬುಟ್ಟಿನ ಪಕ್ಕಕ್ಕೆ ಬರುತ್ತಿತ್ತು. ಈಗ ಗದ್ದೆಗೆ ಔಷಧಿ ಹೊಡೆದು ಏಡಿ ಮೀನು ಕಾಣದಾಗಿವೆ. ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ಶುಂಠಿಗೆ, ಕೆಲವು ಕಾಫಿಗೆ ಹೋಗಿವೆ. ಅಕ್ಕಿ ಅಂಗಡಿಯಿಂದ ಬರುತ್ತದೆ, ಪಕ್ಕದ್ದು ಬರುವುದಿಲ್ಲ. ಇದನ್ನು ಬರೆಯುವಾಗ ನಿಜಕ್ಕೂ ಸಂಕಟವಾಗುತ್ತದೆ.

ಒಂದು ಸಂದೇಹ. ಯೂರಿಯಾ ಹೆಚ್ಚು ಹಾಕಿದರೆ ಅಕ್ಕಿಯಲ್ಲಿ ಪ್ರೋಟೀನ್ ಹೆಚ್ಚುತ್ತದೆಯೇ?

ಧಾನ್ಯ ರಸಾಯನ

ಹೆಚ್ಚುತ್ತದೆ. ಅದರಲ್ಲೂ ತೆನೆ ಹೊರಡುವ ಹೊತ್ತಿನಲ್ಲಿ ಸಿಕ್ಕ ಸಾರಜನಕ ಕಾಳಿನ ಪ್ರೋಟೀನಿಗೆ ನೇರವಾಗಿ ಸೇರುತ್ತದೆ. ಆದರೆ ಪ್ರೋಟೀನ್ ಏರಿದಂತೆ ಅದರೊಳಗಿನ ಲೈಸಿನ್‌ನ ಪಾಲು ಸ್ವಲ್ಪ ಇಳಿಯುತ್ತದೆ. ಒಟ್ಟಾರೆ ಲಾಭವೇ, ಆದರೆ ಅಂಕಿಯಲ್ಲಿ ಕಂಡಷ್ಟು ಲಾಭವಲ್ಲ. ನಮ್ಮ ಮಳೆಗೆ ಯೂರಿಯಾ ಜಾಸ್ತಿ ಸುರಿದರೆ ಬೆಂಕಿ ರೋಗ ಬಂದು ಗದ್ದೆಯೇ ಹೋಗುತ್ತದೆ, ಪ್ರೋಟೀನಿನ ಆಸೆಗೆ ಆ ಕೆಲಸ ಮಾಡಬೇಡಿ.

ತೌಡಿನ ಮಾತು ನೀವು ತೆಗೆದದ್ದು ಒಳ್ಳೆಯದಾಯಿತು. ತೌಡು ಮತ್ತು ಮೊಳಕೆಯ ಭಾಗದಲ್ಲಿ ನೂರಕ್ಕೆ 12ರಿಂದ 15ರಷ್ಟು ಪ್ರೋಟೀನ್ ಇರುತ್ತದೆ, ಲೈಸಿನ್ ಕೂಡ ಒಳಗಿನ ಬಿಳಿ ಭಾಗಕ್ಕಿಂತ ಹೆಚ್ಚು. ಮಿಲ್ಲಿನಲ್ಲಿ ಅಕ್ಕಿ ಬೆಳ್ಳಗೆ ಹೊಳೆಯುವಷ್ಟು ಪಾಲಿಶ್ ಮಾಡಿಸಿದಾಗ ಮೊದಲು ಹೋಗುವುದು ಇದೇ. ಮನೆ ಭತ್ತ ಮಿಲ್ಲಿಗೆ ಹಾಕುವವರು ಒಂದೇ ಪಾಲಿಶ್ ಸಾಕು ಎಂದು ಹೇಳಿ. ಹೇಳಿದರೆ ಮಾಡಿಕೊಡುತ್ತಾರೆ.

ಮಡಿಕೇರಿ ಪಥ್ಯ

ನಾನು ಆಹಾರ ಪಥ್ಯ ಸಲಹೆಗಾರ್ತಿ. ಸರ್ ಹೇಳಿದ ಲೆಕ್ಕವನ್ನೇ ಅಜ್ಜಿಯ ಬಟ್ಟಲಿಗೆ ಇಳಿಸುತ್ತೇನೆ.

ಅಜ್ಜಿಯ ತೂಕ 50 ಕೆಜಿ ಎಂದಿಟ್ಟುಕೊಳ್ಳೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ದೊಡ್ಡವರಿಗೆ ದಿನಕ್ಕೆ, ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ ಅಜ್ಜಿಗೆ 41 ಗ್ರಾಂ. ಊಟ ಹೆಚ್ಚಾಗಿ ಧಾನ್ಯದ್ದೇ ಆದರೆ ಕೆಜಿಗೆ ಒಂದು ಗ್ರಾಂ ಬೇಕಾಗುತ್ತದೆ. ವಯಸ್ಸಾದವರಲ್ಲಿ ಮಾಂಸಖಂಡ ಕರಗದಿರಲು 1ರಿಂದ 1.2 ಗ್ರಾಂ ಕೊಡಿ ಎಂದು ವೃದ್ಧಾಪ್ಯದ ಪೋಷಣೆಯ ತಜ್ಞರು ಹೇಳುತ್ತಾರೆ. ಹಾಗಾಗಿ 50 ಗ್ರಾಂ ಗುರಿ ಇಡೋಣ. ಲೈಸಿನ್ ಕೆಜಿಗೆ 30 ಮಿಲಿಗ್ರಾಂನಂತೆ ಒಂದೂವರೆ ಗ್ರಾಂ.

ಮೂರು ಹೊತ್ತಿನ ಗಂಜಿಗೆ ಒಟ್ಟು 200 ಗ್ರಾಂ ಅಕ್ಕಿ ಬಿದ್ದರೆ ಸಿಗುವ ಪ್ರೋಟೀನ್ 16 ಗ್ರಾಂ, ಲೈಸಿನ್ ಸುಮಾರು 600 ಮಿಲಿಗ್ರಾಂ. ಬೇಕಾದದ್ದರ ಅರ್ಧವೂ ಆಗಲಿಲ್ಲ. ಉಪ್ಪಿನಕಾಯಿಯಿಂದ ಉಪ್ಪು ಬಿಟ್ಟು ಬೇರೇನೂ ಬರುವುದಿಲ್ಲ.

ಗಂಜಿ ನಿಲ್ಲಿಸಬೇಡಿ. ಆ ಗಂಜಿಯನ್ನೇ ಬದಲಿಸಿ. ಬೆಳಗಿನ ಗಂಜಿಗೆ ಅಕ್ಕಿಯ ಜೊತೆ ಒಂದು ಹಿಡಿ ಹೆಸರುಕಾಳು, 30 ಗ್ರಾಂನಷ್ಟು, ರಾತ್ರಿಯೇ ನೆನೆಸಿ ಮೆತ್ತಗೆ ಬೇಯಿಸಿ. ಆರೂವರೆ ಗ್ರಾಂ ಪ್ರೋಟೀನ್, 450 ಮಿಲಿಗ್ರಾಂ ಹತ್ತಿರ ಲೈಸಿನ್. ಮಧ್ಯಾಹ್ನದ ಗಂಜಿ ಬಿಸಿ ಇರುವಾಗಲೇ ಒಂದು ಮೊಟ್ಟೆ ಒಡೆದು ಹಾಕಿ ಚೆನ್ನಾಗಿ ಬೇಯುವವರೆಗೆ ಕದಡಿ. ಹಲ್ಲಿಲ್ಲದವರಿಗೆ ಇದು ಬಹಳ ಸುಲಭ, ಇನ್ನೊಂದು ಆರೂವರೆ ಗ್ರಾಂ. ಸಂಜೆ ಒಂದು ಲೋಟ ಹಾಲು, ಅಷ್ಟೇ ಪ್ರೋಟೀನ್, 500 ಮಿಲಿಗ್ರಾಂ ಲೈಸಿನ್. ಇಷ್ಟಕ್ಕೇ ಲೈಸಿನ್ ಬೇಕಾದ್ದಕ್ಕಿಂತ ಮೇಲೆ ಹೋಯಿತು. ಪ್ರೋಟೀನ್ 36 ಗ್ರಾಂ ಆಯಿತು. ಉಳಿದದ್ದಕ್ಕೆ ಮುಳ್ಳು ತೆಗೆದ ಎರಡು ತುಂಡು ಮೀನು, ಇಲ್ಲವೇ ನುಣ್ಣಗೆ ಬೇಯಿಸಿ ಹಿಸುಕಿದ ಕೋಳಿ. ಮಾಂಸ ಬೇಡ ಎನ್ನುವ ದಿನಗಳಲ್ಲಿ ಕಾಳು ಮತ್ತು ಮೊಸರು ಹೆಚ್ಚಿಸಿ.

ಇದನ್ನೆಲ್ಲ ಶುರು ಮಾಡುವ ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರೋಟೀನಿನ ಲೆಕ್ಕವೇ ಬೇರೆ. ಎಪ್ಪತ್ತು ದಾಟಿದವರ ವಿಷಯದಲ್ಲಿ ಇದನ್ನು ಖಂಡಿತ ಬಿಡಬೇಡಿ.

ಕಿನೋವಾ ಒಳ್ಳೆಯ ಧಾನ್ಯವೇ, ಅದರಲ್ಲಿ ಲೈಸಿನ್ ಚೆನ್ನಾಗಿದೆ. ಆದರೆ ಒಂದು ಹಿಡಿ ಹೆಸರುಕಾಳು ಮಾಡುವ ಕೆಲಸಕ್ಕೆ ಅಷ್ಟು ದುಡ್ಡು ಸುರಿಯುವುದು ಬೇಕಿಲ್ಲ. ಬಾಯಿಗೆ ಒಗ್ಗದ ಊಟ ಹಾಕಿ ವಯಸ್ಸಾದವರು ಅರ್ಧ ಹೊಟ್ಟೆಯಲ್ಲಿ ಎದ್ದರೆ ನಷ್ಟ ದೊಡ್ಡದು.

ಕಕ್ಕಬ್ಬೆ ಸೊಸೆ

ಮೇಡಂ, ತುಂಬಾ ಉಪಕಾರವಾಯಿತು. ಮೊಟ್ಟೆ ಒಡೆದು ಹಾಕುವುದು ನನಗೆ ಹೊಳೆದೇ ಇರಲಿಲ್ಲ. ಮಗಳೂ ಪಕ್ಕದಲ್ಲೇ ಕುಳಿತು ಓದುತ್ತಿದ್ದಾಳೆ, ಅವಳದೊಂದು ಪ್ರಶ್ನೆ: ಕಾಳು ಮತ್ತು ಅನ್ನ ಒಂದೇ ಊಟದಲ್ಲಿ ಇರಲೇಬೇಕೇ, ಬೆಳಗ್ಗೆ ಒಂದು ರಾತ್ರಿ ಇನ್ನೊಂದು ಆದರೆ ನಡೆಯುತ್ತದೆಯೇ?

ಮಡಿಕೇರಿ ಪಥ್ಯ

ದೊಡ್ಡವರಿಗೆ ಒಂದೇ ದಿನದೊಳಗೆ ಬಂದರೆ ಸಾಕು. ದೇಹದಲ್ಲಿ ಸ್ವಲ್ಪ ಹೊತ್ತಿಗೆ ಒದಗುವಷ್ಟು ಲೈಸಿನ್ ಸಂಗ್ರಹ ಇರುತ್ತದೆ. ಬೆಳೆಯುವ ಮಕ್ಕಳಿಗೆ, ಕಡಿಮೆ ಉಣ್ಣುವ ವೃದ್ಧರಿಗೆ ಮಾತ್ರ ಪ್ರತಿ ಊಟದಲ್ಲೂ ಸ್ವಲ್ಪ ಸ್ವಲ್ಪ ಇರಲಿ ಎನ್ನುತ್ತೇನೆ.

ಬಿಸಿಯೂಟದ ಅಕ್ಕ, ಸೋಮವಾರಪೇಟೆ ಕಡೆ

ನಾನು ಶಾಲೆಯಲ್ಲಿ ಅಡುಗೆ ಮಾಡುವವಳು. ಈ ಚರ್ಚೆಯನ್ನು ನನ್ನ ತಮ್ಮ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ. ನಮಗೆ ಕೊಡುವ ಲೆಕ್ಕ ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಮೇಲಿನ ತರಗತಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಇಷ್ಟು ಬೇಳೆ ಸಾಕೇ ಸರ್? ನಮ್ಮ ಕಡೆ ಮನೆಗಳಲ್ಲಿ ಮಾಂಸ ಮೊಟ್ಟೆ ಮುಟ್ಟದ ಮಕ್ಕಳು ಬಹಳ ಇದ್ದಾರೆ. ಅವರಿಗೆ ಬೇಳೆಯೇ ಗತಿ.

ಧಾನ್ಯ ರಸಾಯನ

ತಾಯಿ, ಇದು ಈ ಚರ್ಚೆಯ ಅತ್ಯಂತ ಮುಖ್ಯ ಪ್ರಶ್ನೆ. ಕುಳಿತು ಲೆಕ್ಕ ಹಾಕಿದೆ.

100 ಗ್ರಾಂ ಅಕ್ಕಿಯಿಂದ 7.9 ಗ್ರಾಂ ಪ್ರೋಟೀನ್, ಸುಮಾರು 290 ಮಿಲಿಗ್ರಾಂ ಲೈಸಿನ್. 20 ಗ್ರಾಂ ತೊಗರಿಬೇಳೆಯಿಂದ 4.3 ಗ್ರಾಂ ಪ್ರೋಟೀನ್, ಸುಮಾರು 280 ಮಿಲಿಗ್ರಾಂ ಲೈಸಿನ್. ನೋಡಿ, ಅಕ್ಕಿಯ ಐದರಲ್ಲೊಂದು ತೂಕದ ಬೇಳೆ ಅಕ್ಕಿಯಷ್ಟೇ ಲೈಸಿನ್ ತರುತ್ತದೆ. ಎರಡೂ ಸೇರಿ 12 ಗ್ರಾಂ ಪ್ರೋಟೀನ್, ಪ್ರತಿ ಗ್ರಾಂಗೆ ಸುಮಾರು 47 ಮಿಲಿಗ್ರಾಂ ಲೈಸಿನ್. ಆ ವಯಸ್ಸಿನ ಮಕ್ಕಳ ಅಳತೆ 48. ಅಂದರೆ ಲೆಕ್ಕ ಬಿಗಿಯಾಗಿಯೇ ಇದೆ, ಆದರೆ ಸರಿಯಾಗಿದೆ. ಬೇಳೆಯ ಕೊರತೆ ಮೆಥಿಯೋನಿನ್, ಅದನ್ನು ಅಕ್ಕಿ ತುಂಬುತ್ತದೆ. ಅಕ್ಕಿಯ ಕೊರತೆಯನ್ನು ಬೇಳೆ ತುಂಬುತ್ತದೆ.

ಆದರೆ ಈ ಲೆಕ್ಕ ನಿಲ್ಲುವುದು ಆ 20 ಗ್ರಾಂ ಬೇಳೆ ಮಗುವಿನ ತಟ್ಟೆಗೆ ಬಿದ್ದರೆ ಮಾತ್ರ. ಬೆಂದ ಬೇಳೆ ಪಾತ್ರೆಯ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿ ಬಡಿಸಿದ ಮಕ್ಕಳಿಗೆ ಉಪ್ಪು ಹುಳಿ ಖಾರದ ನೀರು, ಕೊನೆಗೆ ಬಂದವರಿಗೆ ಬೇಳೆ.

ಬಿಸಿಯೂಟದ ಅಕ್ಕ, ಸೋಮವಾರಪೇಟೆ ಕಡೆ

ನೀವು ಹೇಳಿದ್ದು ನೂರಕ್ಕೆ ನೂರು ಸರಿ ಸರ್. ಸಣ್ಣ ತರಗತಿಯವರು ಮೊದಲು ಸಾಲಿನಲ್ಲಿ ನಿಲ್ಲುತ್ತಾರೆ, ಅವರಿಗೆ ಸಿಗುವುದು ಮೇಲಿನ ತಿಳಿಯೇ. ಅದಕ್ಕೆ ನಾನು ಬೇಳೆ ಬೆಂದ ಕೂಡಲೇ, ನೀರು ತರಕಾರಿ ಸೇರಿಸುವ ಮೊದಲು ಮರದ ಕಡೆಗೋಲಿನಿಂದ ಪೂರ್ತಿ ಕಡೆಯುತ್ತೇನೆ. ಕಾಳು ಕಾಣದಷ್ಟು ಒಡೆದರೆ ಸಾಂಬಾರು ಮಂದವಾಗಿ ನಿಲ್ಲುತ್ತದೆ, ತಳಕ್ಕೆ ಇಳಿಯುವುದು ಕಡಿಮೆ. ಬಡಿಸುವಾಗ ಪ್ರತಿ ಸೌಟಿಗೂ ತಳ ಮುಟ್ಟಿಸಿ ಮೇಲೆತ್ತಬೇಕು. ಸೌಟಿನ ಹಿಡಿ ಉದ್ದ ಇರದಿದ್ದರೆ ಆ ದೊಡ್ಡ ಪಾತ್ರೆಯಲ್ಲಿ ಇದು ಆಗುವುದಿಲ್ಲ. ಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಬೇಳೆ ಕರಗದೆ ಗಟ್ಟಿಯಾಗಿ ಉಳಿದು ತಳ ಸೇರುತ್ತದೆ. ಮಕ್ಕಳು ಬೇಳೆ ಕಾಳು ಆರಿಸಿ ಪಕ್ಕಕ್ಕೆ ಇಡುವುದೂ ಕಡೆದರೆ ತಪ್ಪುತ್ತದೆ. ಇದನ್ನು ಎಲ್ಲ ಅಡುಗೆಯವರಿಗೂ ಒಮ್ಮೆ ತೋರಿಸಿಕೊಟ್ಟರೆ ಒಳ್ಳೆಯದಿತ್ತು.

ಎಸ್ಟೇಟ್ ರೈಟರ್, ಸಿದ್ದಾಪುರ

ಅಕ್ಕನ ಮಾತು ಓದಿ ನಮ್ಮ ತೋಟದ ಕೆಲಸದವರು ಇರುವ ಲೈನ್ ಮನೆಗಳ ನೆನಪಾಯಿತು. ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಏಳಕ್ಕೆ ತೋಟಕ್ಕೆ ಇಳಿದವರು ಸಂಜೆಗೆ ಬಂದು ಅನ್ನ, ನೀರು ಸಾರು ಉಂಡು ಮಲಗುತ್ತಾರೆ. ಪಡಿತರದಲ್ಲಿ ಅಕ್ಕಿ ಸಿಗುತ್ತದೆ, ಬೇಳೆಯನ್ನು ದುಡ್ಡು ಕೊಟ್ಟು ತರಬೇಕು. ಬೇಳೆ ಬೆಲೆ ಏರಿದ ವಾರ ಸಾರು ಇನ್ನೂ ತೆಳ್ಳಗಾಗುತ್ತದೆ. ಪಂದಿಕರಿ ಕಡಂಬುಟ್ಟು ಎಂದು ಕೊಡಗಿನ ಊಟವನ್ನು ಹೊಗಳುವವರು ಲೈನ್ ಮನೆಯ ಪಾತ್ರೆಯನ್ನೂ ಒಮ್ಮೆ ನೋಡಬೇಕು. ಅದೂ ಕೊಡಗಿನ ಊಟವೇ.

ಕೈಗೆಟಕುವ ಬೆಲೆಯಲ್ಲಿ ಏನು ಮಾಡಬಹುದು ಹೇಳಿ.

ಮಡಿಕೇರಿ ಪಥ್ಯ

ಅಣ್ಣ, ಮೂರು ಅಗ್ಗದ ದಾರಿಗಳು. ಒಂದು, ಹುರುಳಿ. ತೊಗರಿಯಷ್ಟೇ ಪ್ರೋಟೀನ್, 100 ಗ್ರಾಂಗೆ 21ರಿಂದ 22. ಲೈಸಿನ್ ಧಾರಾಳ. ಬೇಯಿಸಿದ ಕಟ್ಟಿನಿಂದ ಸಾರು ಮಾಡಿ ಕಾಳನ್ನು ಎಸೆಯಬೇಡಿ ಎಂದು ಹೇಳಿ, ಪ್ರೋಟೀನಿನ ದೊಡ್ಡ ಪಾಲು ಕಾಳಿನಲ್ಲೇ ಉಳಿದಿರುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಸುಲಭವಾಗಿ ಬೇಯುತ್ತದೆ, ಹೊಟ್ಟೆಗೂ ಹಗುರ. ಎರಡು, ಮೊಟ್ಟೆ. ಮೂರು, ಸಂತೆಯ ಒಣಮೀನು. ಒಣಗಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪ್ರೋಟೀನೇ. 20 ಗ್ರಾಂ ಒಣಮೀನು ಅನ್ನದ ಲೈಸಿನ್ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಬಿಸಿನೀರಿನಲ್ಲಿ ನೆನೆಸಿ ಉಪ್ಪು ತೆಗೆದು ಬಳಸಬೇಕು, ರಕ್ತದೊತ್ತಡ ಇರುವವರಿಗೆ ಬೇಡ.

ಪೊನ್ನಂಪೇಟೆ ಅಡುಗೆಮನೆ

ಎಳ್ಳು ಪಜ್ಜಿ, ಕಡಲೆಕಾಯಿ ಚಟ್ನಿ ಇದ್ದರೆ ಸಾಲದೇ? ನಮ್ಮಲ್ಲಿ ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿಯ ಜೊತೆ ಪಜ್ಜಿ ಇದ್ದೇ ಇರುತ್ತದೆ. ಪುತ್ತರಿಯ ತಂಬುಟ್ಟಿಗೂ ಎಳ್ಳು, ತುಪ್ಪ, ಕಾಯಿತುರಿ ಹಾಕಿ ತಿನ್ನುತ್ತೇವೆ.

ಧಾನ್ಯ ರಸಾಯನ

ರುಚಿಗೆ ಎಳ್ಳಿನ ಸಮ ಇಲ್ಲ. ಅದರಲ್ಲಿ ಪ್ರೋಟೀನೂ ಇದೆ, ಸುಣ್ಣದ ಅಂಶವೂ ಇದೆ. ಆದರೆ ಎಳ್ಳಿನ ಪ್ರೋಟೀನಿನಲ್ಲಿ ಮೆಥಿಯೋನಿನ್ ಹೆಚ್ಚು, ಲೈಸಿನ್ ಅಕ್ಕಿಗಿಂತಲೂ ಕಡಿಮೆ. ಕಡಲೆಕಾಯಿಯ ಲೈಸಿನ್ ಅಕ್ಕಿಯ ಮಟ್ಟದ್ದೇ. ಅಕ್ಕಿಗೆ ಯಾವುದು ಕೊರತೆಯೋ ಇವಕ್ಕೂ ಅದೇ ಕೊರತೆ. ಪ್ರಮಾಣ ಹೆಚ್ಚಿಸುತ್ತವೆ, ಗುಣ ತುಂಬುವುದಿಲ್ಲ. ಕಾಳಿನ ಕುರು ಕರಿ, ಹುರುಳಿ, ಅಲಸಂದೆ, ಅವರೆ ಇವೇ ಆ ಕೆಲಸ ಮಾಡುವವು. ಅಕ್ಕಿ ಒಟ್ಟಿ ತಿನ್ನುವಾಗ ಪಜ್ಜಿಯ ಜೊತೆ ಒಂದು ಬಟ್ಟಲು ಕಾಳಿನ ಪಲ್ಯವೂ ಇರಲಿ.

ತಂಬುಟ್ಟಿಗೆ ಅಕ್ಕಿ ಹುರಿಯುತ್ತೀರಲ್ಲ, ಆಗ ಕೆಂಪಾಗಿ ಘಮ ಬರುವುದು ಅಮೈನೋ ಆಮ್ಲಗಳೂ ಸಕ್ಕರೆಯ ಅಂಶವೂ ಕೂಡಿ ನಡೆಸುವ ಕ್ರಿಯೆಯಿಂದ. ಆ ಕ್ರಿಯೆಯಲ್ಲಿ ಮೊದಲು ಸಿಕ್ಕಿಬೀಳುವುದು ಲೈಸಿನ್, ಹಾಗೆ ಸಿಕ್ಕಿಬಿದ್ದದ್ದನ್ನು ದೇಹ ಬಳಸಲಾರದು. ಹುರಿದ, ಅರಳಿಸಿದ ಅಕ್ಕಿಯ ಪದಾರ್ಥಗಳಲ್ಲೆಲ್ಲ ಸ್ವಲ್ಪ ಮಟ್ಟಿಗೆ ಹೀಗಾಗುತ್ತದೆ. ನೀರಿನಲ್ಲಿ, ಹಬೆಯಲ್ಲಿ ಬೆಂದ ಅನ್ನ, ಕಡಂಬುಟ್ಟು, ಶ್ಯಾವಿಗೆಯಂತೆ ಒತ್ತುವ ನೂಪುಟ್ಟಿನಲ್ಲಿ ಈ ನಷ್ಟ ಗಣನೆಗೆ ಬರುವಷ್ಟಿಲ್ಲ. ವರ್ಷಕ್ಕೊಮ್ಮೆ ಹಬ್ಬದಲ್ಲಿ ತಿನ್ನುವ ತಂಬುಟ್ಟನ್ನು ಇದಕ್ಕಾಗಿ ಯಾರೂ ಬಿಡಬೇಕಿಲ್ಲ, ಸಂತೋಷವಾಗಿ ತಿನ್ನಿ.

ಪಾಪುಟ್ಟು ಮಾಡುವ ಮನೆಗಳಿಗೆ ಒಂದು ಮಾತು: ಅಕ್ಕಿ ತರಿಯನ್ನು ಹಾಲಿನಲ್ಲಿ ಕಲಸಿ ಬೇಯಿಸುತ್ತೀರಿ. ಹಾಲಿನ ಪ್ರೋಟೀನಿನಲ್ಲಿ ಲೈಸಿನ್ ಅಕ್ಕಿಯ ಎರಡು ಪಟ್ಟು. ನೀರು ಹೆಚ್ಚಿಸಿ ಹಾಲು ಉಳಿಸುವ ಅಭ್ಯಾಸ ಬೇಡ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಹುಡುಕಬೇಕಿಲ್ಲ.

ಕುಶಾಲನಗರ ಓದುಗ

ಪಡಿತರ ಅಕ್ಕಿಯಲ್ಲಿ ಈಗ ಕೆಲವು ಕಾಳು ಬೇರೆ ಬಣ್ಣದಲ್ಲಿ ಇರುತ್ತವೆ, ತೊಳೆಯುವಾಗ ತೇಲುತ್ತವೆ. ನಮ್ಮ ಬೀದಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುತ್ತಾರೆ. ಇದಕ್ಕೂ ಪ್ರೋಟೀನಿಗೂ ಸಂಬಂಧ ಇದೆಯೇ?

ಧಾನ್ಯ ರಸಾಯನ

ದಯವಿಟ್ಟು ಎಸೆಯಬೇಡಿ ಎಂದು ಅವರಿಗೆ ಹೇಳಿ. ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ ಯಂತ್ರದಲ್ಲಿ ಕಾಳಿನ ಆಕಾರಕ್ಕೆ ಒತ್ತಿದ್ದು. ನೂರು ಕಾಳಿಗೆ ಒಂದರಂತೆ ಸೇರಿಸುತ್ತಾರೆ. ಇದು ರಕ್ತಹೀನತೆಗೆ ಎದುರಾಗಿ ಮಾಡಿದ್ದು. ಪ್ರೋಟೀನ್ ಇದರಿಂದ ಹೆಚ್ಚುವುದಿಲ್ಲ, ಲೈಸಿನ್ ಇದಕ್ಕೆ ಬೆರೆಸಿಲ್ಲ. ಬಲವರ್ಧಿತ ಅಕ್ಕಿ ಉಣ್ಣುತ್ತಿದ್ದೇವೆ, ಬೇಳೆ ಬೇಡ ಎಂದು ಯಾರೂ ತಿಳಿಯಬಾರದು. ಅಕ್ಕಿಯನ್ನು ಐದಾರು ನೀರಿನಲ್ಲಿ ಉಜ್ಜಿ ತೊಳೆಯುವುದನ್ನೂ ಗಂಜಿ ಬಸಿದು ಚೆಲ್ಲುವುದನ್ನೂ ಬಿಟ್ಟರೆ ಒಳ್ಳೆಯದು. ಬಿ ಜೀವಸತ್ವಗಳ ಜೊತೆ ಸ್ವಲ್ಪ ಪ್ರೋಟೀನೂ ಆ ನೀರಿನಲ್ಲಿ ಹೋಗುತ್ತದೆ. ಬಸಿದವರು ಆ ತಿಳಿಯನ್ನು ಸಾರಿಗೆ ಬಳಸಲಿ.

ಗೋಣಿಕೊಪ್ಪದ ಹುಡುಗ

ಸರ್, ಅಂಗಡಿಯಲ್ಲಿ ಅಕ್ಕಿ ಪ್ರೋಟೀನ್ ಪುಡಿ ಎಂದೇ ಮಾರುತ್ತಾರೆ, ನೂರಕ್ಕೆ 80 ಪ್ರೋಟೀನ್ ಎಂದು ಡಬ್ಬಿಯ ಮೇಲಿದೆ. ಅದು ಹೇಗೆ ಸಾಧ್ಯ? ತೆಗೆದುಕೊಳ್ಳಬಹುದೇ?

ಮಡಿಕೇರಿ ಪಥ್ಯ

ಪಿಷ್ಟವನ್ನು ಕಿಣ್ವ ಹಾಕಿ ಕರಗಿಸಿ ತೆಗೆದರೆ ಉಳಿಯುವುದು ಪ್ರೋಟೀನ್, ಹಾಗಾಗಿ 80 ಎಂಬುದು ಸಾಧ್ಯ. ಪ್ರಮಾಣ ಏರಿತು, ಆದರೆ ಲೈಸಿನ್‌ನ ಪಾಲು ಅಕ್ಕಿಯದೇ ಉಳಿಯಿತು. ಅದಕ್ಕೇ ಕಂಪನಿಗಳು ಅದರ ಜೊತೆ ಬಟಾಣಿ ಪ್ರೋಟೀನ್ ಬೆರೆಸುತ್ತವೆ. ನಮ್ಮ ಅನ್ನ ಬೇಳೆಯ ತತ್ವವೇ ಅದು. ಭತ್ತ ನೀರಿನಿಂದ ಆರ್ಸೆನಿಕ್, ಕ್ಯಾಡ್ಮಿಯಂ ಹೀರಿಕೊಳ್ಳುವ ಬೆಳೆ, ಪುಡಿ ಕೊಳ್ಳುವುದಾದರೆ ಭಾರಲೋಹಗಳ ಪರೀಕ್ಷೆ ಮಾಡಿಸಿದ ವರದಿ ಕೊಡುವ ಪುಡಿಯನ್ನೇ ಕೊಳ್ಳಿ. ನನ್ನನ್ನು ಕೇಳಿದರೆ, ನಿಮ್ಮ ವಯಸ್ಸಿಗೆ ಎರಡು ಮೊಟ್ಟೆ, ಒಂದು ಬಟ್ಟಲು ಮೊಳಕೆಕಾಳು, ಭಾನುವಾರದ ಪಂದಿಕರಿ ಇವೇ ಸಾಕು. ರಾತ್ರಿ ಅನ್ನಕ್ಕೆ ಹೆದರುವ ಅಗತ್ಯವೂ ಇಲ್ಲ.

ನಾಪೋಕ್ಲು ಗದ್ದೆ

ಸರ್, ಪ್ರೋಟೀನ್ ಹೆಚ್ಚಿರುವ ಭತ್ತದ ತಳಿಯೇ ಬಂದಿದೆ ಎಂದು ಕೃಷಿ ಮೇಳದಲ್ಲಿ ಕೇಳಿದ್ದೆ. ಪಾಳು ಬಿಟ್ಟ ಒಂದು ಗದ್ದೆಯನ್ನು ಈ ವರ್ಷ ಮತ್ತೆ ಹಸನು ಮಾಡಬೇಕೆಂದಿದ್ದೇನೆ. ಅದನ್ನು ಹಾಕಬಹುದೇ?

ಧಾನ್ಯ ರಸಾಯನ

ಪಾಳು ಗದ್ದೆಗೆ ಮತ್ತೆ ನೀರು ಕಟ್ಟುತ್ತೀರಿ ಎಂದು ಓದಿಯೇ ಸಂತೋಷವಾಯಿತು.

ನೀವು ಕೇಳಿದ್ದು ಸಿಆರ್ ಧಾನ್ 310 ಇರಬೇಕು. ಕಟಕ್‌ನಲ್ಲಿರುವ ಭತ್ತ ಸಂಶೋಧನಾ ಸಂಸ್ಥೆಯದು, 2016ರಲ್ಲಿ ಬಿಡುಗಡೆಯಾಯಿತು. ನವೀನ್ ಎಂಬ ತಳಿಗೆ ಅಸ್ಸಾಂ ಕಡೆಯ ಪ್ರೋಟೀನ್ ಹೆಚ್ಚಿರುವ ನಾಡತಳಿಯೊಂದನ್ನು ಕೂಡಿಸಿ ಮಾಡಿದ್ದು. ಪಾಲಿಶ್ ಮಾಡಿದ ಅಕ್ಕಿಯಲ್ಲೇ ನೂರಕ್ಕೆ 10.3ರಷ್ಟು ಪ್ರೋಟೀನ್. ಅದರ ಬೆನ್ನಿಗೆ ಬಂದ ಸಿಆರ್ ಧಾನ್ 311ರಲ್ಲಿ ಸತುವೂ ಹೆಚ್ಚು. ಮಾಮೂಲಿ ಅಕ್ಕಿಗಿಂತ ಎರಡು ಗ್ರಾಂ ಹೆಚ್ಚು ಎಂದರೆ, ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವನಿಗೆ ಒಂದು ಮೊಟ್ಟೆಯಷ್ಟು ಪ್ರೋಟೀನ್ ಹೆಚ್ಚುವರಿಯಾಗಿ ಬಂದ ಹಾಗೆ. ಲೈನ್ ಮನೆಯ ತಟ್ಟೆಗೆ ಅದು ಸಣ್ಣ ಮಾತಲ್ಲ.

ಆದರೆ ಅದು ಒಡಿಶಾದ ಬಯಲಿಗೆ ಬೆಳೆಸಿದ ತಳಿ. ನಮ್ಮ ಮಳೆ, ಮೋಡ, ಚಳಿಗೆ, ಮುಖ್ಯವಾಗಿ ಬೆಂಕಿ ರೋಗಕ್ಕೆ ಹೇಗೆ ನಿಲ್ಲುತ್ತದೆ ಎಂದು ನೋಡದೆ ಇಡೀ ಗದ್ದೆಗೆ ಹಾಕಬೇಡಿ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರನ್ನು ಮೊದಲು ಕೇಳಿ. ಒಂದು ಸಣ್ಣ ಮಡಿಯಲ್ಲಿ ಅದು, ಪಕ್ಕದ ಮಡಿಯಲ್ಲಿ ನೀವು ಎಂದಿನಂತೆ ಹಾಕುವ ಇಂಟಾನ್ ಅಥವಾ ಅತಿರ ತಳಿ. ಎರಡಕ್ಕೂ ಗೊಬ್ಬರ ಒಂದೇ ಅಳತೆ, ಒಂದೇ ದಿನ ನಾಟಿ. ಗೊಬ್ಬರ ಬೇರೆಯಾದರೆ ಪ್ರೋಟೀನ್ ಏರಿದ್ದು ತಳಿಯಿಂದಲೋ ಯೂರಿಯಾದಿಂದಲೋ ಹೇಳಲಾಗದು.

ಕಟಾವಾದ ಮೇಲೆ ಎರಡನ್ನೂ ಒಂದೇ ಮಿಲ್ಲಿನಲ್ಲಿ, ಒಂದೇ ಪಾಲಿಶ್‌ಗೆ ಹಾಕಿಸಿ, ಒಂದೇ ಪ್ರಯೋಗಾಲಯಕ್ಕೆ ಕಳುಹಿಸಿ. ಅಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು ಒಂದು ಗುಣಾಂಕದಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಅಕ್ಕಿಗೆ ಅದು 5.95. ಎಷ್ಟೋ ಕಡೆ ಎಲ್ಲ ಆಹಾರಕ್ಕೂ 6.25 ಹಾಕಿಬಿಡುತ್ತಾರೆ, ಆಗ 7.6 ಇರುವುದು ಎಂಟಾಗಿ ಕಾಣುತ್ತದೆ. ಮಾದರಿ ಕೊಡುವಾಗಲೇ 5.95 ಹಾಕಿ ಎಂದು ಚೀಟಿಯಲ್ಲಿ ಬರೆದುಕೊಡಿ.